ಅಪ್ಪನ ದ್ರಾಕ್ಷಿ, ನನ್ನ ಬೆಳ್ಳಿ ಗಾಜು

ಜುಲೈ 18, 2024, ಗುರುವಾರ

ಅಪ್ಪ ಫೋನ್ ಮಾಡಿದ್ದರು. ಮಳೆ, ಅಕ್ಕನ ಮಗು, ಎಲ್ಲ ಆದಮೇಲೆ ಸುಮ್ನೆ ಕೇಳಿದರು: "ಅಲ್ಲವಾ, ದ್ರಾಕ್ಷಿಗೆ ಹೊಡದ ಎಣ್ಣಿ ಹಣ್ಣಿನಾಗ ಉಳದದೋ ಇಲ್ಲೋ, ನಿನ್ನ ಗಾಜಿನ ಮ್ಯಾಲ ಗೊತ್ತಾಗ್ತದೇನು?"

ಎಣ್ಣೆ ಅಂದರೆ ನಮ್ಮ ಕಡೆ ಬೆಳೆಗೆ ಹೊಡೆಯುವ ಔಷಧಿ. ಕಳೆದ ಸಲ ಒಬ್ಬ ವ್ಯಾಪಾರಿ ಅದು ಜಾಸ್ತಿ ಆಗಿದೆ ಅಂತ ರೇಟು ಇಳಿಸಿದ. ಕೈಯಲ್ಲಿ ಯಾವ ರಿಪೋರ್ಟೂ ಇರಲಿಲ್ಲ. ಅಪ್ಪನಿಗೆ ಅದಿನ್ನೂ ಚುಚ್ಚುತ್ತಿದೆ.

"ಗೊತ್ತಾಗ್ತದಪ್ಪಾ, ಆದ್ರ..." ಅಂದೆ. ಆ 'ಆದ್ರ' ಹೇಗೆ ಬಿಡಿಸಿ ಹೇಳುವುದು?

ನನ್ನ ಬೆಳ್ಳಿ ಬಳಿದ ಗಾಜಿನ ಮೇಲೆ ಅಣು ಇಟ್ಟು ಲೇಸರ್ ಬಿಟ್ಟರೆ, ಚದುರಿದ ಬೆಳಕಿನ ಬದಲಾದ ಬಣ್ಣದಿಂದ ಅದು ಯಾವ ಅಣು ಅಂತ ಗೊತ್ತಾಗುತ್ತದೆ. ರಾಮನ್ 1928ರಲ್ಲಿ ಕಲ್ಕತ್ತಾದಲ್ಲಿ ಕಂಡ ಈ ಬೆಳಕು ತುಂಬ ಕ್ಷೀಣ. ಕೋಟಿ ಫೋಟಾನ್ (ಬೆಳಕಿನ ಕಣ) ಚದುರಿದರೆ ಒಂದರದ್ದೋ ಎರಡರದ್ದೋ ಬಣ್ಣ ಬದಲಾಗುತ್ತದೆ. 1974ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದವರು ಒರಟಾದ ಬೆಳ್ಳಿಯ ಮೇಲೆ ಪಿರಿಡಿನ್ ಎಂಬ ರಾಸಾಯನಿಕ ಇಟ್ಟಾಗ ಅದೇ ಸಂಕೇತ ಗಟ್ಟಿಯಾಗಿ ಬಂತು. ಲಕ್ಷ ಪಟ್ಟು, ಹತ್ತು ಲಕ್ಷ ಪಟ್ಟು ಹೆಚ್ಚು ಅಂತ 1977ರಲ್ಲಿ ಲೆಕ್ಕ ಸಿಕ್ಕಿತು. ಬೆಳ್ಳಿಯ ಎಲೆಕ್ಟ್ರಾನ್‌ಗಳು ಬೆಳಕಿನ ಜೊತೆ ತೂಗಾಡುತ್ತವೆ. ಬೆಳ್ಳಿ ಕಣಗಳ ನಡುವಿನ ಕೆಲವೇ ನ್ಯಾನೋಮೀಟರ್ ಸಂದಿಯಲ್ಲಿ ಬೆಳಕು ಕಿಕ್ಕಿರಿಯುತ್ತದೆ. ಅಣು ಅಲ್ಲೇ ಹೋಗಿ ಕೂತರೆ ಮಾತ್ರ ಗೆದ್ದ ಹಾಗೆ.

ನಾನು ಮಾಡುವುದೂ ಅಂಥ ಸಂದಿಗಳನ್ನೇ. ಗಾಜಿನ ಮೇಲೆ ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನ ಅರ್ಧ ಮೈಕ್ರಾನ್ ಗುಂಡುಗಳ ಪದರ, ಅದರ ಮೇಲೆ ನಿರ್ವಾತದಲ್ಲಿ ಆವಿಯಾಗಿ ಬಂದು ಕೂರುವ ಬೆಳ್ಳಿ. ಇವತ್ತಿನದು ಎಷ್ಟು ಚೆನ್ನಾಗಿ ಬಂದಿತ್ತು! ಥೈರಮ್ ಎಂಬ ಶಿಲೀಂಧ್ರನಾಶಕದ ಒಂದು ಹನಿ ಹಾಕಿದೆ. ಅದರಲ್ಲಿ ಗಂಧಕ ಇದೆಯಲ್ಲ, ಬೆಳ್ಳಿಯನ್ನು ಬಿಗಿಯಾಗಿ ಹಿಡಿಯಿತು. ಬೆಳಕಿನ ನಕ್ಷೆಯಲ್ಲಿ 1380ರ ಹತ್ತಿರ ಥೈರಮ್‌ನ ಗುರುತಾದ ಶಿಖರ ಕೂಡಲೇ ಎದ್ದು ನಿಂತಿತು.

ಲೇಸರ್ ಸ್ವಲ್ಪ ಪಕ್ಕಕ್ಕೆ ಸರಿಸಿದೆ. ಶಿಖರ ಅರ್ಧಕ್ಕಿಳಿಯಿತು.

ಇದೆಯೋ ಇಲ್ಲವೋ ಅಂದರೆ ಹೇಳಬಲ್ಲೆ. ಎಷ್ಟಿದೆ ಅಂದರೆ ಹೇಗೆ ಹೇಳಲಿ? ರೈತನಿಗೆ ಬೇಕಿರುವುದೇ ಆ 'ಎಷ್ಟು', ಅಲ್ವಾ? ಮಿತಿಯೊಳಗಿದ್ದರೆ ಮಾರಬಹುದು, ಮೀರಿದರೆ ಇಲ್ಲ. ಲೇಖನಗಳಲ್ಲಿ ಕೋಟಿ ಪಟ್ಟಿನ ಮಾತು ಬೇಕಾದಷ್ಟು ಓದಿದ್ದೇನೆ. ಗಾಜಿನ ಈ ಮೂಲೆಯಿಂದ ಆ ಮೂಲೆಗೆ ಒಂದೇ ಉತ್ತರ ಬರುವುದು ಅದಕ್ಕಿಂತ ದೊಡ್ಡದು ಅಂತ ನನಗೆ ಅನಿಸುತ್ತದೆ.

ಬೆಳ್ಳಿ ಬೇರೆ ಗಾಳಿಗೆ ಕಪ್ಪಾಗುತ್ತದೆ. ಚಿನ್ನ ಕಪ್ಪಾಗುವುದಿಲ್ಲ, ಆದರೆ ಹಸಿರು ಲೇಸರಿಗೆ ಅದು ಅಷ್ಟು ಸ್ಪಂದಿಸುವುದಿಲ್ಲ, ಕೆಂಪು ಬೇಕು. ನಮ್ಮ ಕೆಂಪು ಲೇಸರ್ ರಿಪೇರಿಯಲ್ಲಿದೆ.

ಅಮ್ಮ ಇವತ್ತೂ ಫೋನಿಗೆ ಬರಲಿಲ್ಲ. ಮೊಣಕಾಲು ನೋವಂತೆ. ಅಪ್ಪ ಮೊದಲು ಅದನ್ನೇ ಹೇಳಬಾರದಿತ್ತಾ?

ಅಕ್ಟೋಬರ್ ಚಾಟ್ನಿ (ಬಳ್ಳಿ ಕತ್ತರಿಸುವುದು) ಆದಮೇಲೆ ಮತ್ತೆ ಎಣ್ಣೆ ಶುರು. ಅಷ್ಟರಲ್ಲಿ ಏನಾದರೂ ಆಗಬೇಕು. ರಸ ಹಾಕಿದರೆ ಸಕ್ಕರೆ, ಹುಳಿ ಎಲ್ಲ ಬಂದು ಬೆಳ್ಳಿಯ ಮೇಲೆ ಜಾಗ ಹಿಡಿಯುತ್ತವೆ. ಥೈರಮ್ ಇರುವುದು ಹೆಚ್ಚಾಗಿ ಸಿಪ್ಪೆ ಮೇಲೆ. ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯಿಂದ ಸಿಪ್ಪೆ ಮಾತ್ರ ಒರೆಸಿದರೆ? ಆದರೆ ಅದರ ಜೊತೆ ಹಣ್ಣಿನ ಮೇಣವೂ ಬರುತ್ತದೆ, ಆಗ ಆ ಸಂದಿಗಳಿಗೆ ಥೈರಮ್ ಹೋಗಿ ಕೂರುವುದು ಹೇಗೆ?