ಕಲ್ಲಿಲ್ಲದ ಪಿತ್ತಕೋಶದ ನೋವು ಮತ್ತು ಗೋಧಿ

ಊಟವಾಗಿ ಸ್ವಲ್ಪ ಹೊತ್ತಿಗೆ ಬಲಗಡೆ ಪಕ್ಕೆಲುಬಿನ ಕೆಳಗೆ ಹಿಡಿದುಕೊಳ್ಳುವ ನೋವು, ಅಲ್ಲಿಂದ ಬೆನ್ನಿಗೂ ಬಲ ಹೆಗಲಿನ ಹಿಂಭಾಗಕ್ಕೂ ಹರಿಯುವ ಸೆಳೆತ, ಜೊತೆಗೆ ವಾಕರಿಕೆ ಮತ್ತು ಹೊಟ್ಟೆಯುಬ್ಬರ. ಇಷ್ಟು ಹೇಳಿದರೆ ಯಾವ ವೈದ್ಯರಾದರೂ ಮೊದಲು ಪಿತ್ತಕೋಶವನ್ನು ನೆನೆಯುತ್ತಾರೆ, ನೆನೆಯಲೂಬೇಕು. ಸ್ಕ್ಯಾನ್‌ನಲ್ಲಿ ಕಲ್ಲು ಕಂಡರೆ ಮುಂದಿನ ದಾರಿ ಸ್ಪಷ್ಟ. ಕಲ್ಲೂ ಇಲ್ಲ, ಸೋಂಕೂ ಇಲ್ಲ, ಆದರೂ ನೋವು ಬಿಡುತ್ತಿಲ್ಲ ಎಂದಾಗ ಏನು ಮಾಡಬೇಕೆಂಬುದು ಈ ಬರಹದ ವಿಷಯ. ಕೊಪ್ಪಳದಲ್ಲಿರುವ ನನ್ನ ಅಕ್ಕನ ನೋವಿನ ಬೇರು ಸಣ್ಣ ಕರುಳಿನಲ್ಲಿತ್ತು. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನಿಗೆ ದೇಹದ ರಕ್ಷಣಾ ವ್ಯವಸ್ಥೆ ತಪ್ಪಾಗಿ ಪ್ರತಿಕ್ರಿಯಿಸಿ, ಕರುಳಿನ ಒಳಪದರವನ್ನೇ ಹಾಳು ಮಾಡುವ ಸೀಲಿಯಾಕ್ ಕಾಯಿಲೆ ಆಕೆಗಿತ್ತು.

ಅಕ್ಕನಿಗೆ ನಲವತ್ತರ ಆಸುಪಾಸು. ಹೊಟ್ಟೆನೋವು ಶುರುವಾಗುವ ಎಷ್ಟೋ ವರ್ಷ ಮೊದಲಿನಿಂದ ರಕ್ತಹೀನತೆಯಿತ್ತು. ಕಬ್ಬಿಣದ ಮಾತ್ರೆ ನುಂಗುವಷ್ಟು ದಿನ ಹಿಮೋಗ್ಲೋಬಿನ್ ತುಸು ಏರುವುದು, ಬಿಟ್ಟೊಡನೆ ಮತ್ತೆ ಇಳಿಯುವುದು. ಹೆಣ್ಣುಮಕ್ಕಳಿಗೆ ರಕ್ತ ಕಡಿಮೆ ಎಂಬುದು ನಮ್ಮ ಕಡೆ ಎಷ್ಟು ರೂಢಿಯ ಮಾತಾಗಿದೆಯೆಂದರೆ, ಅದಕ್ಕೊಂದು ಕಾರಣವಿರಬಹುದು ಎಂದು ಹುಡುಕುವ ಗೊಡವೆಗೆ ಯಾರೂ ಹೋಗುವುದಿಲ್ಲ. ನೋವು ಹೆಚ್ಚಾದ ಮೇಲೆ ಮಾಡಿಸಿದ ಸ್ಕ್ಯಾನ್‌ನಲ್ಲಿ ಕಲ್ಲು ಕಾಣಲಿಲ್ಲ, ಪಿತ್ತಕೋಶದ ಗೋಡೆ ದಪ್ಪವಾಗಿರಲಿಲ್ಲ. ಆದರೆ ಖಾಲಿ ಹೊಟ್ಟೆಯಲ್ಲಿ ಅದು ಸಾಮಾನ್ಯಕ್ಕಿಂತ ದೊಡ್ಡದಾಗಿ ಕಾಣುತ್ತಿತ್ತು, ಎಣ್ಣೆ ಬೆಣ್ಣೆಯ ಊಟ ಕೊಟ್ಟು ಮತ್ತೆ ನೋಡಿದಾಗ ಕುಗ್ಗಬೇಕಾದಷ್ಟು ಕುಗ್ಗಿರಲಿಲ್ಲ. ಪಿತ್ತಕೋಶ ಕೆಲಸ ಮಾಡುತ್ತಿಲ್ಲ, ತೆಗೆಸಿಬಿಡುವುದು ಒಳ್ಳೆಯದು ಎಂಬ ಸಲಹೆ ಬಂತು.

ಎರಡನೆಯ ಅಭಿಪ್ರಾಯಕ್ಕೆಂದು ಬಳ್ಳಾರಿಯ ಹಿರಿಯ ವೈದ್ಯರೊಬ್ಬರ ಬಳಿ ಹೋದೆವು. ಅವರು ಸ್ಕ್ಯಾನಿನ ವರದಿಯನ್ನು ಪಕ್ಕಕ್ಕಿಟ್ಟು, ಅಕ್ಕನ ಪ್ಲಾಸ್ಟಿಕ್ ಚೀಲದಲ್ಲಿದ್ದ ಹಳೆಯ ರಕ್ತಪರೀಕ್ಷೆಯ ಚೀಟಿಗಳನ್ನೆಲ್ಲ ಮೇಜಿನ ಮೇಲೆ ತಾರೀಖಿನ ಪ್ರಕಾರ ಸಾಲಾಗಿ ಜೋಡಿಸಿದರು. ಹಿಮೋಗ್ಲೋಬಿನ್ನಿನ ಅಂಕಿಗಳ ಕೆಳಗೆ ಒಂದೊಂದಾಗಿ ಪೆನ್ಸಿಲಿನಿಂದ ಗೆರೆ ಎಳೆದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ದಿನಾ ಏನ್ ತಿಂತೀರಮ್ಮಾ, ರೊಟ್ಟಿನೋ ಚಪಾತಿನೋ?" ಹೊಟ್ಟೆನೋವಿಗೆ ಹೋದವರಿಗೆ ಆ ಪ್ರಶ್ನೆ ಅಸಂಬದ್ಧವೆನಿಸಿದರೂ, ಅವರು ಬರೆದುಕೊಟ್ಟ ರಕ್ತಪರೀಕ್ಷೆಯೇ ಕಾಯಿಲೆಯ ಸುಳಿವು ಕೊಟ್ಟಿತು.

ಕರುಳಿನ ಕಾಯಿಲೆಗೂ ಪಿತ್ತಕೋಶಕ್ಕೂ ಏನು ಸಂಬಂಧ ಎಂಬುದನ್ನು ವಿವರವಾಗಿ ಹೇಳಬೇಕು, ಏಕೆಂದರೆ ಇದು ಗೊತ್ತಾದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ಯಕೃತ್ತು ದಿನವೊಂದಕ್ಕೆ ಸುಮಾರು 600ರಿಂದ 1000 ಮಿಲಿಲೀಟರ್ ಪಿತ್ತರಸವನ್ನು ತಯಾರಿಸುತ್ತದೆ. ಊಟವಿಲ್ಲದ ಹೊತ್ತಿನಲ್ಲಿ ಅದರ ಒಂದು ಪಾಲು ಪಿತ್ತಕೋಶಕ್ಕೆ ಹೋಗಿ, ನೀರಿನ ಅಂಶ ಕಳೆದುಕೊಂಡು ಗಟ್ಟಿಯಾಗಿ ಶೇಖರವಾಗುತ್ತದೆ. ಆ ಪುಟ್ಟ ಚೀಲ ಹಿಡಿಯುವುದು 30ರಿಂದ 50 ಮಿಲಿಲೀಟರ್ ಮಾತ್ರ. ಜಿಡ್ಡು ಮತ್ತು ಪ್ರೋಟೀನ್ ಇರುವ ಆಹಾರ ಜಠರದಿಂದ ಸಣ್ಣ ಕರುಳಿನ ಮೊದಲ ಭಾಗಕ್ಕೆ ಇಳಿದಾಗ, ಅಲ್ಲಿನ ಒಳಪದರದಲ್ಲಿರುವ ವಿಶೇಷ ಕೋಶಗಳು ಅದನ್ನು ಗುರುತಿಸಿ ಕೊಲಿಸಿಸ್ಟೊಕೈನಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತವೆ. ಆ ಹಾರ್ಮೋನು ತಲುಪಿದಾಗ ಪಿತ್ತಕೋಶ ಹಿಂಡಿಕೊಳ್ಳುತ್ತದೆ, ಪಿತ್ತನಾಳದ ಕೊನೆಯ ಬಾಯಿ ಸಡಿಲಗೊಳ್ಳುತ್ತದೆ, ಪಿತ್ತರಸ ಕರುಳಿಗೆ ಇಳಿದು ಜಿಡ್ಡನ್ನು ಕರಗಿಸುತ್ತದೆ.

ಸೀಲಿಯಾಕ್ ಕಾಯಿಲೆ ಮೊದಲು ಮತ್ತು ಹೆಚ್ಚಾಗಿ ಹಾಳುಗೆಡವುವುದು ಸಣ್ಣ ಕರುಳಿನ ಈ ಮೊದಲ ಭಾಗವನ್ನೇ. ಒಳಪದರದ ಮೇಲೆ ಬೆರಳಿನಂತೆ ನಿಂತಿರಬೇಕಾದ ಸಣ್ಣ ಸಣ್ಣ ಮಡಿಕೆಗಳು ಸವೆದು ಚಪ್ಪಟೆಯಾಗುತ್ತವೆ. ಆಹಾರ ಬಂದರೂ ಅದನ್ನು ಗುರುತಿಸಿ ಹಾರ್ಮೋನು ಬಿಡುವ ಕೆಲಸ ಅಲ್ಲಿ ಸರಿಯಾಗಿ ನಡೆಯುವುದಿಲ್ಲ. ತುಂಗಭದ್ರೆಯ ಅಣೆಕಟ್ಟೆಯಲ್ಲಿ ನೀರಿದ್ದು, ಗೇಟೂ ಗಟ್ಟಿಯಾಗಿದ್ದು, ಎತ್ತಬೇಕಾದವನಿಗೆ ಸುದ್ದಿಯೇ ಮುಟ್ಟದಿದ್ದರೆ ಕಾಲುವೆಯ ಕೊನೆಯ ಹೊಲಗಳು ಒಣಗುವಂತೆ, ಇಲ್ಲಿ ಪಿತ್ತಕೋಶ ತುಂಬಿಕೊಂಡೇ ನಿಲ್ಲುತ್ತದೆ, ಕರುಳಿಗೆ ಪಿತ್ತರಸ ಸಾಲುವುದಿಲ್ಲ. ಚಿಕಿತ್ಸೆಯಾಗದ ಸೀಲಿಯಾಕ್ ರೋಗಿಗಳಲ್ಲಿ ಊಟದ ನಂತರ ಈ ಹಾರ್ಮೋನು ಕಡಿಮೆ ಬಿಡುಗಡೆಯಾಗುತ್ತದೆ, ಪಿತ್ತಕೋಶ ನಿಧಾನವಾಗಿ ಖಾಲಿಯಾಗುತ್ತದೆ ಎಂಬುದನ್ನು ಸಂಶೋಧಕರು 1970ರ ದಶಕದಲ್ಲಿಯೇ ದಾಖಲಿಸಿದ್ದಾರೆ. ಗೋಧಿ ಬಿಟ್ಟು ಕರುಳು ಚೇತರಿಸಿಕೊಂಡ ಮೇಲೆ ಪಿತ್ತಕೋಶದ ಚಲನೆಯೂ ಸುಧಾರಿಸುವುದನ್ನು ಆ ಬಳಿಕದ ಅಧ್ಯಯನಗಳು ತೋರಿಸಿವೆ. ಪಿತ್ತಕೋಶವನ್ನು ತೆಗೆದುಹಾಕಿದರೂ ಹಾಳಾದ ಕರುಳು ಹಾಳಾದಂತೆಯೇ ಉಳಿಯುತ್ತದೆ. ಅಂಥವರಲ್ಲಿ ಉಬ್ಬರ, ಭೇದಿ, ರಕ್ತಹೀನತೆ ಶಸ್ತ್ರಚಿಕಿತ್ಸೆಯ ನಂತರವೂ ಮುಂದುವರಿಯುವುದಕ್ಕೆ ಇದೇ ಕಾರಣ.

ಈ ಪರೀಕ್ಷೆಗಳ ಬಗ್ಗೆ ಇನ್ನೊಂದು ಮಾತು. ಪಿತ್ತಕೋಶ ಎಷ್ಟರಮಟ್ಟಿಗೆ ಖಾಲಿಯಾಗುತ್ತದೆ ಎಂದು ಅಳೆಯುವ ಹೈಡಾ ಸ್ಕ್ಯಾನ್ ದೊಡ್ಡ ಊರುಗಳಲ್ಲಿ ಸಿಗುತ್ತದೆ, ಸಾಮಾನ್ಯವಾಗಿ ಶೇ 35ರಿಂದ 38ಕ್ಕಿಂತ ಕಡಿಮೆ ಖಾಲಿಯಾದರೆ ಅದನ್ನು ದೋಷವೆಂದು ಪರಿಗಣಿಸುತ್ತಾರೆ. ಅದರಲ್ಲಿ ಹಾರ್ಮೋನನ್ನು ಹೊರಗಿನಿಂದ ಚುಚ್ಚುಮದ್ದಾಗಿ ಕೊಡುವ ಪದ್ಧತಿಯಿದೆ, ಊಟ ಕೊಟ್ಟು ನೋಡುವ ಪದ್ಧತಿಯೂ ಇದೆ. ಮೊದಲನೆಯದು ಪಿತ್ತಕೋಶದ ಸ್ವಂತ ಶಕ್ತಿಯನ್ನು ನೋಡುತ್ತದೆ; ಎರಡನೆಯದು ಕರುಳಿನಿಂದ ಹೊರಡುವ ಸಂದೇಶವನ್ನೂ ಸೇರಿಸಿ ನೋಡುತ್ತದೆ. ಹೀಗಾಗಿ ವರದಿಯಲ್ಲಿ ಬರೆದ ಶೇಕಡಾವಾರು ಅಂಕಿಯೊಂದನ್ನೇ ಹಿಡಿದು ತೀರ್ಮಾನಕ್ಕೆ ಬರುವ ಮೊದಲು ಅದನ್ನು ಹೇಗೆ ಅಳೆದರು ಎಂದು ಕೇಳುವುದು ಒಳ್ಳೆಯದು.

ನನಗೆ ಅತ್ಯಂತ ಸಂಕಟವಾದದ್ದು ಪಥ್ಯದ ವಿಷಯದಲ್ಲಿ. ಪಿತ್ತಕೋಶದ ತೊಂದರೆ ಎಂದೊಡನೆ ಅಕ್ಕಪಕ್ಕದವರು, ನೆಂಟರು, ಔಷಧಿ ಅಂಗಡಿಯವರು ಎಲ್ಲರೂ ಹೇಳುವುದು ಒಂದೇ: "ಎಣ್ಣಿ ಖಾರಾ ಬಿಡವ್ವಾ, ರವಾ ಗಂಜಿ ಕುಡಿ, ಬ್ರೆಡ್ಡು ಬಿಸ್ಕೀಟು ತಿನ್ನು, ಒಣಾ ಚಪಾತಿ ತಿನ್ನು." ಜೋಳದ ರೊಟ್ಟಿ ಜಡ, ಚಪಾತಿ ಹಗುರ ಎಂಬ ನಂಬಿಕೆ ಈಗ ಹಳ್ಳಿಗಳಲ್ಲೂ ಬೇರೂರಿದೆ, ಸಕ್ಕರೆ ಕಾಯಿಲೆ ಬಂದವರೂ ಅನ್ನ ಬಿಟ್ಟು ಚಪಾತಿಗೆ ಹೋಗುತ್ತಾರೆ. ಅಕ್ಕನ ಮನೆಯಲ್ಲಿ ಆಕೆಗೆಂದೇ ರೊಟ್ಟಿ ನಿಂತು ಎರಡು ಹೊತ್ತು ಚಪಾತಿ ಶುರುವಾಯಿತು, ಬೆಳಿಗ್ಗೆ ಉಪ್ಪಿಟ್ಟು, ನಿಶ್ಶಕ್ತಿಗೆಂದು ಹಾಲಿಗೆ ಬೆರೆಸಿ ಕುಡಿಯುವ ಮಾಲ್ಟ್ ಪುಡಿ. ಮಾಲ್ಟ್ ಎಂದರೆ ಮೊಳಕೆ ಬರಿಸಿದ ಬಾರ್ಲಿ, ಅದರಲ್ಲೂ ಗ್ಲುಟೆನ್ ಇದೆ. ಕಾಯಿಲೆಯವಳಿಗೆ ಪ್ರೀತಿಯಿಂದ ಕೊಟ್ಟ ಒಂದೊಂದು ತುತ್ತೂ ಕಾಯಿಲೆಯನ್ನೇ ಬೆಳೆಸುತ್ತಿತ್ತು. ನಮ್ಮ ಹಿರಿಯರು ತಲೆಮಾರುಗಳಿಂದ ತಿಂದುಕೊಂಡು ಬಂದ ಜೋಳ, ಸಜ್ಜೆ, ನವಣೆ, ಗಂಗಾವತಿ ಸಿಂಧನೂರು ಕಡೆಯ ಅಕ್ಕಿ, ಇವ್ಯಾವುದರಲ್ಲೂ ಸೀಲಿಯಾಕ್ ರೋಗಿಗೆ ತೊಂದರೆ ಕೊಡುವ ಗ್ಲುಟೆನ್ ಇಲ್ಲ. ಗೋಧಿ, ಬಾರ್ಲಿ, ರೈ ಈ ಮೂರು ಧಾನ್ಯಗಳಿಂದಲೇ ಹಾನಿ. ಗೋಧಿಯೇ ಕಾರಣ ಎಂಬುದನ್ನು ವೈದ್ಯಲೋಕಕ್ಕೆ ತೋರಿಸಿಕೊಟ್ಟವರು ಡಚ್ ಮಕ್ಕಳ ವೈದ್ಯ ವಿಲ್ಲೆಮ್ ಡಿಕ್ಕೆ. ಅವರ ಪ್ರಬಂಧ ಬಂದದ್ದು 1950ರಲ್ಲಿ.

ಹಾಗೆಂದು ಹೊಟ್ಟೆನೋವು ಬಂದವರೆಲ್ಲ ನಾಳೆಯಿಂದ ಚಪಾತಿ ಬಿಡಬೇಕೆಂದು ನಾನು ಹೇಳುತ್ತಿಲ್ಲ. ಪರೀಕ್ಷೆಗೆ ಮೊದಲು ಗೋಧಿಯನ್ನು ಬಿಡಲೇಬಾರದು. ರಕ್ತದಲ್ಲಿ ಹುಡುಕುವುದು ಟಿಶ್ಯೂ ಟ್ರಾನ್ಸ್‌ಗ್ಲುಟಾಮಿನೇಸ್ ಎಂಬುದರ ವಿರುದ್ಧ ದೇಹ ತಯಾರಿಸುವ ಐಜಿಎ ಪ್ರತಿಕಾಯವನ್ನು. ಗೋಧಿ ನಿಲ್ಲಿಸಿ ಕೆಲವು ತಿಂಗಳಾದರೆ ಅದು ಇಳಿದುಹೋಗಿ, ಕಾಯಿಲೆಯಿದ್ದರೂ ಇಲ್ಲವೆಂಬ ಉತ್ತರ ಬರಬಹುದು. ಅದರ ಜೊತೆಗೆ ಒಟ್ಟು ಐಜಿಎ ಪ್ರಮಾಣವನ್ನೂ ನೋಡಿಸಬೇಕು, ಏಕೆಂದರೆ ಸೀಲಿಯಾಕ್ ಇರುವ ನೂರು ಜನರಲ್ಲಿ ಎರಡು ಮೂರು ಜನರಿಗೆ ಐಜಿಎ ಹುಟ್ಟಿನಿಂದಲೇ ಕೊರತೆಯಿರುತ್ತದೆ, ಅಂಥವರಲ್ಲಿ ಮೊದಲನೆಯ ಪರೀಕ್ಷೆ ಮೋಸ ಮಾಡುತ್ತದೆ. ಅಂಕಿ ಹೆಚ್ಚಿದ್ದರೆ ಎಂಡೋಸ್ಕೋಪಿ ಮಾಡಿ ಸಣ್ಣ ಕರುಳಿನ ಮೊದಲ ಭಾಗದಿಂದ ಹಲವು ಚೂರುಗಳನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಅಕ್ಕನಿಗೆ ಹೀಗೆಯೇ ಖಚಿತವಾಯಿತು.

ನಮ್ಮ ಭಾಗದಲ್ಲಿ ಈ ಕಾಯಿಲೆ ವಿರಳ ಎಂಬುದನ್ನೂ ಹೇಳಬೇಕು. ದೇಶದ ಬೇರೆ ಬೇರೆ ಭಾಗಗಳ ವಯಸ್ಕರನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಉತ್ತರ ಭಾರತದಲ್ಲಿ ಶೇ 1.23ರಷ್ಟು, ದಕ್ಷಿಣದಲ್ಲಿ ಶೇ 0.10ರಷ್ಟು ಜನರಲ್ಲಿ ಸೀಲಿಯಾಕ್ ಕಂಡುಬಂದಿತ್ತು. ಆದ್ದರಿಂದ ನಮ್ಮಲ್ಲಿನ ಬಹುಪಾಲು ಪಿತ್ತಕೋಶದ ನೋವಿಗೆ ಕಾರಣ ಕಲ್ಲೇ ಹೊರತು ಗೋಧಿಯಲ್ಲ. ಕಲ್ಲಿನಿಂದ ಪದೇ ಪದೇ ನೋವು ಬರುತ್ತಿದ್ದರೆ ಶಸ್ತ್ರಚಿಕಿತ್ಸೆಯನ್ನು ಮುಂದೂಡುವುದು ಅಪಾಯ. ನೋವಿನ ಜೊತೆ ಚಳಿಜ್ವರ, ಕಣ್ಣು ಹಳದಿಯಾಗುವುದು, ಮೂತ್ರ ಕಡುಬಣ್ಣಕ್ಕೆ ತಿರುಗುವುದು, ಅಥವಾ ತಾಸುಗಟ್ಟಲೆ ಇಳಿಯದ ನೋವು ಕಂಡರೆ ಆ ದಿನವೇ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಯಾವ ಪಥ್ಯವೂ ಕೆಲಸಕ್ಕೆ ಬಾರದು. ಕಲ್ಲಿಲ್ಲದೆ ಪಿತ್ತಕೋಶ ಸೋಮಾರಿಯಾಗಿರುವವರಲ್ಲಿ, ಅದರಲ್ಲೂ ಕಾರಣ ತಿಳಿಯದ ರಕ್ತಹೀನತೆ, ತೂಕ ಇಳಿಯುವುದು, ಜಿಡ್ಡುಜಿಡ್ಡಾಗಿ ತೇಲುವ ಮಲ, ಸಣ್ಣ ವಯಸ್ಸಿನಲ್ಲೇ ಮೂಳೆ ಸವೆತ, ಥೈರಾಯ್ಡ್ ತೊಂದರೆ ಇವುಗಳಲ್ಲಿ ಒಂದಾದರೂ ಜೊತೆಗಿದ್ದರೆ, ಪಿತ್ತಕೋಶ ತೆಗೆಸುವ ಮುನ್ನ ಆ ಒಂದು ರಕ್ತಪರೀಕ್ಷೆ ಆಗಬೇಕು ಎಂಬುದಷ್ಟೇ ನನ್ನ ಒತ್ತಾಯ.

ಗೋಧಿ ಬಿಡುವುದು ಜೋಳದ ನಾಡಿನಲ್ಲಿ ಸುಲಭವೆಂದು ನಾವು ಭಾವಿಸಿದ್ದೆವು, ಒಂದು ಮಟ್ಟಿಗೆ ಅದು ನಿಜವೂ ಹೌದು. ಆದರೆ ಹಿಟ್ಟಿನ ಗಿರಣಿಯ ಮುಂದೆ ನಿಂತಾಗ ಕಷ್ಟ ತಿಳಿಯಿತು. ಹಿಂದಿನವರ ಗೋಧಿ ಬೀಸಿ ಮುಗಿದ ಮೇಲೆ ಕಲ್ಲಿನ ಸಂದಿಯಲ್ಲಿ, ಹಿಟ್ಟು ಇಳಿಯುವ ಬಟ್ಟೆಯ ತೋಳಿನಲ್ಲಿ ಉಳಿದಿರುವ ಬಿಳಿ ಹಿಟ್ಟು ನಮ್ಮ ಜೋಳದ ಡಬ್ಬಿಗೆ ಬೀಳುವುದನ್ನು ಕಣ್ಣಾರೆ ನೋಡಬಹುದು. ಗಿರಣಿಯವರು ಆ ತೋಳನ್ನು ಕೈಯಿಂದ ತಟ್ಟಿದಾಗಲಂತೂ ಒಂದು ಹಿಡಿಯಷ್ಟು ಉದುರುತ್ತದೆ. ಗ್ಲುಟೆನ್ ಮುಕ್ತ ಎಂದು ಹೆಸರಿಸಬೇಕಾದರೆ ಒಂದು ಕಿಲೋ ಆಹಾರದಲ್ಲಿ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರಬಾರದು ಎಂಬ ನಿಯಮವನ್ನು ನೆನೆದರೆ, ಆ ಒಂದು ಹಿಡಿ ಎಷ್ಟು ದೊಡ್ಡದೆಂದು ತಿಳಿಯುತ್ತದೆ. ಕೊನೆಗೆ ಮನೆಯಲ್ಲೇ ಬೀಸುವ ಸಣ್ಣ ಯಂತ್ರವನ್ನು ಕೊಂಡು, ಅದರಲ್ಲಿ ಜೋಳ ಅಕ್ಕಿ ಬಿಟ್ಟು ಬೇರೇನನ್ನೂ ಹಾಕಬಾರದೆಂದು ನಿಶ್ಚಯಿಸಿದೆವು.

ಎರಡನೆಯದು ಇಂಗು. ಅಂಗಡಿಯಲ್ಲಿ ಸಿಗುವ ಇಂಗಿನ ಪುಡಿಗೆ ಅನೇಕ ಕಂಪನಿಗಳು ಮೈದಾ ಅಥವಾ ಗೋಧಿ ಹಿಟ್ಟನ್ನು ಬೆರೆಸಿರುತ್ತವೆ, ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಹಾಗೆಂದು ಬರೆದಿರುತ್ತದೆ. ಸಾರಿನ ಒಗ್ಗರಣೆಯಿಂದ ಉಪ್ಪಿನಕಾಯಿಯವರೆಗೆ ಅದು ಎಲ್ಲಿ ಇಲ್ಲ? ಮಿರ್ಚಿ ಬಜ್ಜಿ ಕಡಲೆಹಿಟ್ಟಿನದೇ ಆದರೂ ಮೈದಾದ ತಿನಿಸು ಕರಿದ ಎಣ್ಣೆಯಲ್ಲೇ ಅದನ್ನೂ ಕರಿಯುತ್ತಾರೆ. ಹೋಳಿಗೆ, ಶ್ಯಾವಿಗೆ, ಗೋಧಿ ಹುಗ್ಗಿ ಇಲ್ಲದ ಹಬ್ಬವಿಲ್ಲ. ಗವಿಮಠದ ಜಾತ್ರೆಯಲ್ಲಿ ಮಾದಲಿಯನ್ನು ಬೇಡವೆನ್ನುವುದು ಅಕ್ಕನಿಗೆ ಎಲ್ಲಕ್ಕಿಂತ ಕಷ್ಟವಾಯಿತು. ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ಪಕ್ಕದವರಿಗೆ ಕೊಟ್ಟಳು.

ಅಕ್ಕನ ಹೊಟ್ಟೆಯುಬ್ಬರ ಕೆಲವೇ ವಾರಗಳಲ್ಲಿ ತಗ್ಗಿತು, ಊಟದ ನಂತರದ ನೋವು ಕಡಿಮೆಯಾಗಲು ಇನ್ನಷ್ಟು ತಿಂಗಳು ಹಿಡಿಯಿತು. ವಯಸ್ಕರಲ್ಲಿ ಕರುಳಿನ ಒಳಪದರ ಪೂರ್ತಿ ಕೂಡಿಕೊಳ್ಳಲು ಒಂದೆರಡು ವರ್ಷವೂ ಬೇಕಾಗಬಹುದು. ಈಚಿನ ಸ್ಕ್ಯಾನ್‌ನಲ್ಲಿ ಊಟದ ನಂತರ ಪಿತ್ತಕೋಶ ಚೆನ್ನಾಗಿ ಕುಗ್ಗಿದೆ, ಪ್ರತಿಕಾಯದ ಅಂಕಿ ಇಳಿಮುಖವಾಗಿದೆ, ಕಬ್ಬಿಣದ ಮಾತ್ರೆ ನಿಲ್ಲಿಸಿದ ಮೇಲೂ ಹಿಮೋಗ್ಲೋಬಿನ್ ನಿಂತಿದೆ.

ಕಾಯಿಲೆಗೆ ವಂಶದ ನಂಟಿರುವುದರಿಂದ ತಂದೆತಾಯಿ, ಒಡಹುಟ್ಟಿದವರು, ಮಕ್ಕಳು ಪರೀಕ್ಷಿಸಿಕೊಳ್ಳಬೇಕೆಂದು ವೈದ್ಯರು ಹೇಳಿದ್ದಾರೆ. ಇಂಥ ಹತ್ತಿರದ ಸಂಬಂಧಿಕರಲ್ಲಿ ನೂರಕ್ಕೆ ಐದರಿಂದ ಹತ್ತು ಜನರಲ್ಲಿ ಇದು ಕಂಡುಬರುತ್ತದೆ. ಅವ್ವನದೂ ನನ್ನದೂ ವರದಿ ಬಂದಿದೆ, ಇಬ್ಬರಿಗೂ ಇಲ್ಲ. ಅಕ್ಕನ ಮಗನ ಪರೀಕ್ಷೆ ಮುಂದಿನ ವಾರವಿದೆ, ಅಲ್ಲಿಯವರೆಗೆ ಅವನಿಗೆ ಎಂದಿನಂತೆ ಚಪಾತಿ ಕೊಡುವಂತೆ ಹೇಳಿದ್ದೇವೆ.