ಒಂದು ದಾಳಿ, ಎರಡು ಯುದ್ಧ: ಅಮೆರಿಕದಲ್ಲಿ ಜನಬೆಂಬಲ ಕಟ್ಟಿದ ಹದಿನೆಂಟು ತಿಂಗಳು

2001ರ ಸೆಪ್ಟೆಂಬರ್ 11ಕ್ಕೆ ಸ್ವಲ್ಪ ಮುಂಚೆ ಗ್ಯಾಲಪ್ ನಡೆಸಿದ ಸಮೀಕ್ಷೆಯಲ್ಲಿ ಅಧ್ಯಕ್ಷ ಜಾರ್ಜ್ ಬುಷ್ ಅವರ ಕೆಲಸ ಮೆಚ್ಚಿದವರು ಶೇ 51ರಷ್ಟಿದ್ದರು. ಅಪಹರಿಸಿದ ವಿಮಾನಗಳಿಂದ ಅಂದು ಅಮೆರಿಕದ ಮೇಲೆ ನಡೆದ ದಾಳಿಯಾಗಿ ಹತ್ತು ದಿನ ಕಳೆಯುವಷ್ಟರಲ್ಲಿ ಆ ಸಂಖ್ಯೆ ಶೇ 90 ಮುಟ್ಟಿತು. ಇದಕ್ಕಾಗಿ ಬುಷ್ ಹೆಚ್ಚೇನೂ ಶ್ರಮಪಡಬೇಕಾಗಿರಲಿಲ್ಲ. ಒಂದೇ ಬೆಳಿಗ್ಗೆ ಸುಮಾರು ಮೂರು ಸಾವಿರ ಜನ ಸತ್ತಾಗ ದುಃಖ, ಭಯ, ಸಿಟ್ಟು ಎಲ್ಲ ಸೇರಿ ದೇಶ ನಾಯಕನ ಬೆನ್ನಿಗೆ ನಿಂತುಬಿಡುತ್ತದೆ. ರಾಜ್ಯಶಾಸ್ತ್ರಜ್ಞರು ಇದನ್ನು ಧ್ವಜದ ಸುತ್ತ ಒಗ್ಗೂಡುವಿಕೆ ಎನ್ನುತ್ತಾರೆ. ಜಾನ್ ಮುಲ್ಲರ್ 1970ರಲ್ಲೇ ಇದನ್ನು ಅಂಕಿಅಂಶ ಇಟ್ಟುಕೊಂಡು ವಿವರಿಸಿದ್ದರು. ಇಂಥ ಬೆಂಬಲ ದಿನ ಕಳೆದಂತೆ ಕರಗುತ್ತದೆ ಎಂಬುದೂ ಅದರಲ್ಲೇ ಇತ್ತು. ಆಮೇಲೆ ಬಂದ ಸಂಶೋಧಕರು ಇನ್ನೊಂದು ಕಾರಣವನ್ನು ಗುರುತಿಸಿದರು: ಆ ಹೊತ್ತಿನಲ್ಲಿ ವಿರೋಧ ಪಕ್ಷ ಬಾಯಿ ಮುಚ್ಚಿಕೊಂಡಿರುತ್ತದೆ, ಹಾಗಾಗಿ ಪತ್ರಿಕೆಗಳಿಗೆ ವರದಿ ಮಾಡಲು ಟೀಕೆಯೇ ಸಿಗುವುದಿಲ್ಲ.

ಅಕ್ಟೋಬರ್ 7ರಂದು ಶುರುವಾದ ಅಫ್ಘಾನಿಸ್ತಾನದ ಯುದ್ಧಕ್ಕೆ ಈ ತಾನಾಗಿ ಬಂದ ಬೆಂಬಲವೇ ಸಾಕಾಯಿತು. ದಾಳಿ ಮಾಡಿಸಿದ ಅಲ್ ಖೈದಾ ಅಲ್ಲಿತ್ತು, ತಾಲಿಬಾನ್ ಅದಕ್ಕೆ ಆಶ್ರಯ ಕೊಟ್ಟಿತ್ತು. ಜನರಿಗೆ ಯಾರೂ ತಿಳಿಹೇಳಬೇಕಾದ ಸ್ಥಿತಿ ಇರಲಿಲ್ಲ. 2003ರ ಮಾರ್ಚ್‌ನಲ್ಲಿ ಶುರುವಾದ ಇರಾಕ್ ಯುದ್ಧದ ಕಥೆ ಬೇರೆ. ವಿಮಾನ ಅಪಹರಿಸಿದ 19 ಮಂದಿಯಲ್ಲಿ 15 ಜನ ಸೌದಿ ಅರೇಬಿಯಾದವರು, ಇರಾಕಿನವ ಒಬ್ಬನೂ ಇರಲಿಲ್ಲ. ಆ ಎರಡನೆಯ ಯುದ್ಧಕ್ಕೆ ಬೆಂಬಲವನ್ನು ಇಟ್ಟಿಗೆ ಇಟ್ಟಿಗೆಯಾಗಿ ಕಟ್ಟಬೇಕಾಯಿತು. ಹೇಗೆ ಕಟ್ಟಿದರು ಎಂಬುದು ಇವತ್ತು ದಾಖಲೆಗಳಲ್ಲಿ ಸಾಕಷ್ಟು ಸ್ಪಷ್ಟವಾಗಿದೆ.

ಮೊದಲ ಕೆಲಸ ಆದದ್ದು ಕಾನೂನಿನಲ್ಲಿ. ದಾಳಿಯಾದ ಮೂರೇ ದಿನಕ್ಕೆ, ಸೆಪ್ಟೆಂಬರ್ 14ರಂದು, ಸೇನಾ ಬಲ ಬಳಸಲು ಅಧ್ಯಕ್ಷರಿಗೆ ಅಧಿಕಾರ ಕೊಡುವ ನಿರ್ಣಯ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನಲ್ಲಿ ಪಾಸಾಯಿತು. ಸೆನೆಟ್‌ನಲ್ಲಿ 98–0, ಕೆಳಮನೆಯಲ್ಲಿ 420–1. ಆ ಒಂದು ವಿರೋಧದ ಮತ ಕ್ಯಾಲಿಫೋರ್ನಿಯಾದ ಬಾರ್ಬರಾ ಲೀ ಅವರದು. ನಿರ್ಣಯದ ಜೀವಾಳವಾದ ವಾಕ್ಯ ಇಂಗ್ಲಿಷಿನಲ್ಲಿ 60 ಪದ. ಮುಂದೆ ನಡೆಯಬಹುದಾದ ಯಾವುದೇ ಭಯೋತ್ಪಾದನೆಯನ್ನು ತಡೆಯಲೂ ಬಲ ಬಳಸುವ ಅಧಿಕಾರ ಬೇಕೆಂದು ಶ್ವೇತಭವನ ಮೊದಲ ಕರಡಿನಲ್ಲಿ ಕೇಳಿತ್ತು. ಕಾಂಗ್ರೆಸ್ ಅದನ್ನು ಒಪ್ಪದೆ, ಸೆಪ್ಟೆಂಬರ್ 11ರ ದಾಳಿಯನ್ನು ಯೋಜಿಸಿದವರು, ನಡೆಸಿದವರು, ನೆರವಾದವರು, ಆಶ್ರಯ ಕೊಟ್ಟವರು ಎಂದು ಸೀಮಿತಗೊಳಿಸಿತು. ಆದರೂ ಆ ವಾಕ್ಯದಲ್ಲಿ ದೇಶದ ಹೆಸರಿಲ್ಲ, ಸಂಘಟನೆಯ ಹೆಸರಿಲ್ಲ, ಕೊನೆಯ ದಿನಾಂಕವೂ ಇಲ್ಲ. ಕಾಂಗ್ರೆಸ್ಸಿನ ಸಂಶೋಧನಾ ವಿಭಾಗ 2016ರಲ್ಲಿ ಲೆಕ್ಕ ಹಾಕಿದಾಗ, ಅದೇ ನಿರ್ಣಯವನ್ನು ಆಧಾರವಾಗಿಟ್ಟುಕೊಂಡು 14 ದೇಶಗಳಲ್ಲಿ 37 ಬಾರಿ ಕ್ರಮ ಕೈಗೊಂಡಿದ್ದು ಕಂಡುಬಂತು. ದುಃಖದ ವಾರದಲ್ಲಿ ಪಾಸಾಗುವ ಕಾನೂನಿನಲ್ಲಿ ನಾನು ಮೊದಲು ಹುಡುಕುವುದು ಈ ಎರಡನ್ನೇ: ಶತ್ರು ಯಾರೆಂದು ಹೆಸರಿಟ್ಟು ಬರೆದಿದ್ದಾರೆಯೇ, ಯಾವತ್ತು ಮುಗಿಯುತ್ತದೆಂದು ಬರೆದಿದ್ದಾರೆಯೇ.

ಎರಡನೆಯ ಕೆಲಸ ಭಾಷಣಗಳಲ್ಲಿ ನಡೆಯಿತು. ದಾಳಿಯ ಅದೇ ರಾತ್ರಿ ಬುಷ್, ಕೃತ್ಯ ಎಸಗಿದವರಿಗೂ ಅವರಿಗೆ ಆಶ್ರಯ ಕೊಟ್ಟವರಿಗೂ ವ್ಯತ್ಯಾಸ ಮಾಡುವುದಿಲ್ಲ ಎಂದರು. ಸೆಪ್ಟೆಂಬರ್ 20ರಂದು ಕಾಂಗ್ರೆಸ್ಸಿನ ಜಂಟಿ ಅಧಿವೇಶನದಲ್ಲಿ, ಯುದ್ಧ ಅಲ್ ಖೈದಾದಿಂದ ಶುರುವಾಗುತ್ತದೆ, ಅಲ್ಲಿಗೆ ಮುಗಿಯುವುದಿಲ್ಲ ಎಂದರು; ನಮ್ಮ ಜೊತೆ ಇರಿ, ಇಲ್ಲವಾದರೆ ನೀವು ಭಯೋತ್ಪಾದಕರ ಜೊತೆ ಎಂದೂ ಹೇಳಿದರು. 2002ರ ಜನವರಿ 29ರ ಭಾಷಣದಲ್ಲಿ ಇರಾಕ್, ಇರಾನ್, ಉತ್ತರ ಕೊರಿಯಾ ಮೂರನ್ನೂ ಸೇರಿಸಿ ದುಷ್ಟಕೂಟ ಎಂದರು. ಜೂನ್ 1ರಂದು ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯಲ್ಲಿ, ಅಪಾಯ ಮೈಮೇಲೆ ಬರುವವರೆಗೆ ಕಾಯಬಾರದು ಎಂಬ ಮಾತು ಬಂತು. ಹೀಗೆ ಒಂಬತ್ತು ತಿಂಗಳಲ್ಲಿ ಶತ್ರುವಿನ ಗುರುತೇ ಬದಲಾಯಿತು. ದಾಳಿ ಮಾಡಿದವನ ಜಾಗದಲ್ಲಿ ಆಶ್ರಯ ಕೊಟ್ಟವನು ಬಂದ, ಆಮೇಲೆ ಸಾಮೂಹಿಕ ನಾಶದ ಅಸ್ತ್ರ ಇಟ್ಟುಕೊಂಡವನು, ಕಡೆಗೆ ಮುಂದೊಂದು ದಿನ ಇಟ್ಟುಕೊಳ್ಳಬಹುದಾದವನು. ಒಂದೊಂದು ಹೆಜ್ಜೆಯೂ ಹಿಂದಿನದಕ್ಕಿಂತ ತುಸುವೇ ದೊಡ್ಡದು, ಹಾಗಾಗಿ ಯಾವ ಹಂತದಲ್ಲೂ ಜನರಿಗೆ ದೊಡ್ಡ ಬದಲಾವಣೆ ಅನ್ನಿಸಲಿಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ಸೆಪ್ಟೆಂಬರ್ 17ರಂದು ಬುಷ್ ವಾಷಿಂಗ್ಟನ್ನಿನ ಇಸ್ಲಾಮಿಕ್ ಸೆಂಟರ್‌ಗೆ ಹೋಗಿ, ಇಸ್ಲಾಂ ಎಂದರೆ ಶಾಂತಿ ಎಂದರು. ಆ ದಿನಗಳಲ್ಲಿ ಮುಸ್ಲಿಮರ ಮೇಲೂ, ಮುಸ್ಲಿಮರೆಂದು ಭ್ರಮಿಸಿ ಸಿಖ್ಖರ ಮೇಲೂ ಹಲ್ಲೆಗಳಾಗುತ್ತಿದ್ದವು. ಅಧ್ಯಕ್ಷರ ಆ ಭೇಟಿ ನಿಜಕ್ಕೂ ಒಳ್ಳೆಯ ಕೆಲಸ. ಯುದ್ಧದ ಮಾತು ಆಡುವ ನಾಯಕ ಪ್ರತಿ ಮಾತಿನಲ್ಲೂ ಕೆಟ್ಟದ್ದನ್ನೇ ಮಾಡುತ್ತಾನೆ ಎಂದುಕೊಂಡರೆ ನಮಗೆ ಏನೂ ಅರ್ಥವಾಗುವುದಿಲ್ಲ.

ಮುಲ್ಲರ್ ಹೇಳಿದ್ದಂತೆಯೇ ಆಯಿತು, ಬೆಂಬಲ ಕರಗತೊಡಗಿತು. ಇರಾಕಿಗೆ ನೆಲಸೇನೆ ಕಳಿಸುವುದನ್ನು 2001ರ ನವೆಂಬರ್‌ನಲ್ಲಿ ಶೇ 74ರಷ್ಟು ಜನ ಒಪ್ಪಿದ್ದರು. 2002ರ ಆಗಸ್ಟ್‌ಗೆ ಅದು ಶೇ 53ಕ್ಕೆ ಇಳಿದಿತ್ತು. ಆ ತಿಂಗಳಲ್ಲೇ ಶ್ವೇತಭವನದಲ್ಲಿ ಇರಾಕ್ ಕುರಿತ ಪ್ರಚಾರಕ್ಕೆಂದೇ ಒಂದು ತಂಡ ಸೇರಿತು. ಅಧ್ಯಕ್ಷರ ಮುಖ್ಯ ಸಿಬ್ಬಂದಿ ಅಧಿಕಾರಿ ಆಂಡ್ರ್ಯೂ ಕಾರ್ಡ್, ಮಾರುಕಟ್ಟೆಯ ದೃಷ್ಟಿಯಿಂದ ಹೊಸ ಸರಕನ್ನು ಆಗಸ್ಟ್‌ನಲ್ಲಿ ಬಿಡುಗಡೆ ಮಾಡುವುದಿಲ್ಲ ಎಂದು ಪತ್ರಕರ್ತರಿಗೇ ಹೇಳಿದರು. ಆಮೇಲಿನ ಕ್ಯಾಲೆಂಡರ್ ನೋಡಿ: ಸೆಪ್ಟೆಂಬರ್ 11ಕ್ಕೆ ದಾಳಿಯ ವರ್ಷಾಚರಣೆ, ಮರುದಿನವೇ ವಿಶ್ವಸಂಸ್ಥೆಯಲ್ಲಿ ಇರಾಕ್ ಬಗ್ಗೆ ಭಾಷಣ, ಅಕ್ಟೋಬರ್ 7ಕ್ಕೆ ಸಿನ್ಸಿನಾಟಿಯಲ್ಲಿ ದೊಡ್ಡ ಭಾಷಣ, ಅಕ್ಟೋಬರ್ 10 ಮತ್ತು 11ರಂದು ಇರಾಕ್ ವಿರುದ್ಧ ಸೇನಾ ಬಲ ಬಳಸುವ ನಿರ್ಣಯದ ಮೇಲೆ ಕಾಂಗ್ರೆಸ್ಸಿನಲ್ಲಿ ಮತದಾನ, ನವೆಂಬರ್ 5ಕ್ಕೆ ಮಧ್ಯಂತರ ಚುನಾವಣೆ. ನಿರ್ಣಯ ಪಾಸಾದದ್ದು ಕೆಳಮನೆಯಲ್ಲಿ 296–133, ಸೆನೆಟ್‌ನಲ್ಲಿ 77–23 ಮತಗಳಿಂದ. ಚುನಾವಣೆಗೆ ನಾಲ್ಕು ವಾರ ಇರುವಾಗ ದೇಶದ ಸುರಕ್ಷತೆಯ ಹೆಸರಿನ ನಿರ್ಣಯದ ವಿರುದ್ಧ ಕೈ ಎತ್ತುವುದು ಎಷ್ಟು ಜನರಿಗೆ ಸಾಧ್ಯ?

ಸಾಕ್ಷ್ಯವನ್ನು ಹೇಗೆ ಬಳಸಿದರು ಎಂಬುದಕ್ಕೆ ಅಲ್ಯೂಮಿನಿಯಂ ಕೊಳವೆಗಳ ಪ್ರಕರಣ ಒಂದನ್ನು ಬಿಡಿಸಿ ನೋಡಿದರೆ ಸಾಕು. ಇರಾಕ್ ತರಿಸಿಕೊಳ್ಳುತ್ತಿದ್ದ ಕೊಳವೆಗಳ ಒಂದು ಸಾಗಣೆ 2001ರಲ್ಲಿ ಜೋರ್ಡಾನಿನಲ್ಲಿ ಸಿಕ್ಕಿಬಿತ್ತು. 7075-ಟಿ6 ಎಂಬ ಗಟ್ಟಿ ಮಿಶ್ರಲೋಹ, ಹೊರವ್ಯಾಸ 81 ಮಿಲಿಮೀಟರ್, ಉದ್ದ 900, ಗೋಡೆಯ ದಪ್ಪ 3.3. ಅಣ್ವಸ್ತ್ರಕ್ಕಾಗಿ ಯುರೇನಿಯಂ ಸಂವರ್ಧಿಸುವ, ಅತಿವೇಗದಲ್ಲಿ ತಿರುಗುವ ಸೆಂಟ್ರಿಫ್ಯೂಜ್ ಯಂತ್ರಕ್ಕೆ ಇವು ಬೇಕು ಎಂದು ಗುಪ್ತಚರ ಸಂಸ್ಥೆ ಸಿಐಎ ವಾದಿಸಿತು. ಸೆಂಟ್ರಿಫ್ಯೂಜ್ ತಜ್ಞರೇ ಇದ್ದ ಇಂಧನ ಇಲಾಖೆ ಒಪ್ಪಲಿಲ್ಲ. ಆ ಕೆಲಸಕ್ಕೆ ಕೊಳವೆಯ ಗೋಡೆ ತೀರಾ ದಪ್ಪ, ವ್ಯಾಸ ತೀರಾ ಕಿರಿದು, ಸವೆತ ತಡೆಯಲು ಮೇಲೆ ಕೊಡುವ ಆನೋಡೈಸ್ ಲೇಪ ಬೇಡವೇ ಬೇಡ. ಅದೇ ಅಳತೆಯ, ಅದೇ ಲೋಹದ ಕೊಳವೆಯನ್ನು ಇರಾಕ್ ಹಿಂದಿನಿಂದಲೂ 81 ಮಿಲಿಮೀಟರ್ ರಾಕೆಟ್ಟಿಗೆ ಬಳಸುತ್ತಿತ್ತು. ವಿದೇಶಾಂಗ ಇಲಾಖೆಯ ಗುಪ್ತಚರ ವಿಭಾಗವೂ ಇಂಧನ ಇಲಾಖೆಯ ಪರ ನಿಂತಿತು.

2002ರ ಸೆಪ್ಟೆಂಬರ್ 8, ಭಾನುವಾರ. ನ್ಯೂಯಾರ್ಕ್ ಟೈಮ್ಸ್ ಮುಖಪುಟದಲ್ಲಿ, ಹೆಸರು ಹೇಳದ ಅಧಿಕಾರಿಗಳನ್ನು ನೆಚ್ಚಿಕೊಂಡು ಈ ಕೊಳವೆಗಳ ಸುದ್ದಿ ಬಂತು. ಅದೇ ಬೆಳಿಗ್ಗೆ ಉಪಾಧ್ಯಕ್ಷ ಡಿಕ್ ಚೇನಿ ಟಿವಿಯಲ್ಲಿ ಆ ಪತ್ರಿಕೆಯ ಹೆಸರು ಹೇಳಿಯೇ ಕೊಳವೆಗಳ ಮಾತೆತ್ತಿದರು. ರಾಷ್ಟ್ರೀಯ ಭದ್ರತಾ ಸಲಹೆಗಾರ್ತಿ ಕಾಂಡೊಲೀಸಾ ರೈಸ್ ಇನ್ನೊಂದು ವಾಹಿನಿಯಲ್ಲಿ, ಇವು ಅಣ್ವಸ್ತ್ರದ ಕೆಲಸಕ್ಕೆ ಮಾತ್ರ ಸರಿಹೊಂದುತ್ತವೆ ಎಂದರು. ಕೊನೆಯ ಪುರಾವೆ ಅಣಬೆ ಮೋಡವಾಗಿ ಬರುವುದು ಬೇಡ ಎಂದೂ ಸೇರಿಸಿದರು. ಸರ್ಕಾರದ ಒಳಗಿಂದ ಹೊರಟ ಮಾತು ಪತ್ರಿಕೆಯಲ್ಲಿ ಅಚ್ಚಾಗಿ, ಸ್ವತಂತ್ರ ಸಾಕ್ಷಿಯ ವೇಷ ಹಾಕಿಕೊಂಡು ಸರ್ಕಾರದ ಬಾಯಿಗೇ ವಾಪಸ್ ಬಂತು. ಮೂಲ ಒಂದೇ, ಕೇಳಿದವರಿಗೆ ಮಾತ್ರ ಮೂರು ಕಡೆಯಿಂದ ಕೇಳಿಸಿತು.

ಅಕ್ಟೋಬರ್ ಮೊದಲ ವಾರ ಗುಪ್ತಚರ ಸಂಸ್ಥೆಗಳ ಒಟ್ಟು ವರದಿ ಕಾಂಗ್ರೆಸ್ಸಿಗೆ ಹೋಯಿತು. ಭಿನ್ನಮತ ಅದರಲ್ಲಿ ಸ್ಪಷ್ಟವಾಗಿತ್ತು. ಆದರೆ ಅದು ರಹಸ್ಯ ಪ್ರತಿ, ಮತದಾನಕ್ಕೆ ಉಳಿದಿದ್ದು ಹತ್ತು ದಿನಕ್ಕೂ ಕಡಿಮೆ. ಅದನ್ನು ಪೂರ್ತಿ ಓದಿದ ಸೆನೆಟರುಗಳು ಬೆರಳೆಣಿಕೆಯಷ್ಟೇ ಎಂದು ಆಮೇಲೆ ತಿಳಿಯಿತು. ಸೆನೆಟ್ ಗುಪ್ತಚರ ಸಮಿತಿಯ ಅಧ್ಯಕ್ಷ ಬಾಬ್ ಗ್ರಹಾಂ ಓದಿದರು, ವಿರುದ್ಧ ಮತ ಹಾಕಿದರು. ಸಾರ್ವಜನಿಕರಿಗೆ ಬಿಟ್ಟ ಚಿಕ್ಕ ಆವೃತ್ತಿಯಲ್ಲಿ ಇಂಧನ ಇಲಾಖೆಯ ಹೆಸರೇ ಹೋಗಿತ್ತು. ಕೆಲವರು ಇವು ಮಾಮೂಲಿ ಅಸ್ತ್ರಗಳಿಗೆ ಎಂದು ನಂಬುತ್ತಾರೆ ಎಂಬ ತುಣುಕು ಮಾತ್ರ ಉಳಿಯಿತು. ಆ ಕೆಲವರೇ ದೇಶದಲ್ಲಿ ಸೆಂಟ್ರಿಫ್ಯೂಜ್ ಬಲ್ಲವರು ಎಂಬುದು ಓದುಗನಿಗೆ ತಿಳಿಯುವ ದಾರಿ ಇರಲಿಲ್ಲ. ನನಗೆ ಇದು ಇಡೀ ಪ್ರಕರಣದ ಅತ್ಯಂತ ಗಂಭೀರ ತಪ್ಪು. ಅನುಮಾನವನ್ನು ಅಳಿಸಿಹಾಕಲಿಲ್ಲ, ಅನುಮಾನಪಟ್ಟವರು ಯಾರು ಎಂಬುದನ್ನು ಅಳಿಸಿದರು.

ಇರಾಕ್ ಅಧ್ಯಕ್ಷ ಸದ್ದಾಂ ಹುಸೇನ್ ಸೆಪ್ಟೆಂಬರ್ 11ರ ದಾಳಿ ಮಾಡಿಸಿದ ಎಂದು ಬುಷ್ ನೇರವಾಗಿ ಹೇಳಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ. ಭಾಷಣದ ಒಂದು ವಾಕ್ಯದಲ್ಲಿ ಸೆಪ್ಟೆಂಬರ್ 11, ಮುಂದಿನದರಲ್ಲಿ ಇರಾಕ್, ಅದರ ಮುಂದಿನದರಲ್ಲಿ ಅಲ್ ಖೈದಾ. ಪಕ್ಕಪಕ್ಕ ಇಟ್ಟ ಮಾತುಗಳಿಗೆ ಕೊಂಡಿ ಹಾಕಿದ್ದು ಕೇಳುಗ. 2003ರ ಆಗಸ್ಟ್‌ನಲ್ಲಿ ವಾಷಿಂಗ್ಟನ್ ಪೋಸ್ಟ್ ಸಮೀಕ್ಷೆ ನಡೆಸಿದಾಗ ಶೇ 69ರಷ್ಟು ಜನ, ದಾಳಿಯಲ್ಲಿ ಸದ್ದಾಂ ಕೈವಾಡ ಇದ್ದಿರಬಹುದು ಎಂದರು. ಸೆಪ್ಟೆಂಬರ್ 17ರಂದು ಬುಷ್ ಅವರೇ ಅಂಥ ಪುರಾವೆ ನಮ್ಮ ಬಳಿ ಇಲ್ಲ ಎಂದರು. ಅಷ್ಟರಲ್ಲಿ ಬಾಗ್ದಾದ್ ಬಿದ್ದು ಐದು ತಿಂಗಳಾಗಿತ್ತು.

2003ರ ಫೆಬ್ರವರಿ 5ರಂದು ವಿದೇಶಾಂಗ ಕಾರ್ಯದರ್ಶಿ ಕಾಲಿನ್ ಪೊವೆಲ್ ಭದ್ರತಾ ಮಂಡಳಿಯ ಮುಂದೆ ಮಾತಾಡಿದರು. ಅವರನ್ನೇ ಕಳಿಸಿದ್ದಕ್ಕೆ ಕಾರಣವಿತ್ತು: ಸರ್ಕಾರದಲ್ಲಿ ಯುದ್ಧಕ್ಕೆ ಹಿಂದೇಟು ಹಾಕುವವರು ಎಂದು ಹೆಸರಾಗಿದ್ದ, ಎಲ್ಲರೂ ನಂಬುತ್ತಿದ್ದ ವ್ಯಕ್ತಿ ಅವರು. ಸಂಚಾರಿ ಜೈವಿಕ ಪ್ರಯೋಗಾಲಯಗಳ ಬಗ್ಗೆ ಅವರು ಹೇಳಿದ್ದು ಮುಖ್ಯವಾಗಿ ಕರ್ವ್‌ಬಾಲ್ ಎಂಬ ಗುಪ್ತನಾಮದ ಒಬ್ಬನ ಮಾತಿನ ಮೇಲೆ ನಿಂತಿತ್ತು. ಅವನು ಜರ್ಮನಿಯಲ್ಲಿದ್ದ, ಆಮೇಲೆ ಸುಳ್ಳು ಹೇಳಿದೆ ಎಂದು ಒಪ್ಪಿಕೊಂಡ. ಇರಾಕ್ ಅಲ್ ಖೈದಾಗೆ ತರಬೇತಿ ಕೊಟ್ಟಿತೆಂಬ ಮಾತು ಇಬ್ನ್ ಅಲ್ ಶೇಖ್ ಅಲ್ ಲಿಬಿ ಎಂಬ ಬಂದಿಯದು. ಅವನನ್ನು ಈಜಿಪ್ಟಿನ ವಶಕ್ಕೆ ಕೊಟ್ಟ ಮೇಲೆ ಹೊರಬಂದ ಹೇಳಿಕೆ ಅದು. ಚಿತ್ರಹಿಂಸೆ ತಾಳಲಾರದೆ ಹೇಳಿದೆ ಎಂದು ಮುಂದೆ ಅವನು ಹಿಂತೆಗೆದುಕೊಂಡ. ಹೊಡೆತಕ್ಕೆ ಹುಟ್ಟುವ ಮಾತು ಕೇಳುವವನಿಗೆ ಬೇಕಾದದ್ದೇ ಆಗಿರುತ್ತದೆ.

ಯುದ್ಧದ ಬೆಲೆಯನ್ನು ಮಾತ್ರ ಯಾರೂ ಎದುರಿಗಿಡಲಿಲ್ಲ. ಅಧ್ಯಕ್ಷರ ಆರ್ಥಿಕ ಸಲಹೆಗಾರ ಲಾರೆನ್ಸ್ ಲಿಂಡ್ಸೆ ಖರ್ಚು 10,000 ಕೋಟಿಯಿಂದ 20,000 ಕೋಟಿ ಡಾಲರ್ ಆಗಬಹುದೆಂದರು, ಡಿಸೆಂಬರ್‌ನಲ್ಲಿ ಹುದ್ದೆಯಿಂದ ಹೊರಹೋದರು. ಭೂಸೇನಾ ಮುಖ್ಯಸ್ಥ ಎರಿಕ್ ಶಿನ್ಸೆಕಿ, ಗೆದ್ದ ಮೇಲೆ ದೇಶ ಹಿಡಿದಿಡಲು ಹಲವು ಲಕ್ಷ ಸೈನಿಕರು ಬೇಕೆಂದರೆ, ರಕ್ಷಣಾ ಇಲಾಖೆಯ ಪಾಲ್ ವುಲ್ಫೊವಿಟ್ಜ್ ಅದನ್ನು ತಳ್ಳಿಹಾಕಿದರು. ಕಡ್ಡಾಯ ಸೇನಾ ಭರ್ತಿ ಇಲ್ಲ, ಯುದ್ಧ ತೆರಿಗೆ ಇಲ್ಲ, ಬದಲಿಗೆ 2003ರ ಮೇ ತಿಂಗಳಲ್ಲಿ ತೆರಿಗೆ ಕಡಿತ. ಶವಪೆಟ್ಟಿಗೆಗಳು ಬರುವ ಡೋವರ್ ವಾಯುನೆಲೆಯಲ್ಲಿ ಚಿತ್ರ ತೆಗೆಯುವಂತಿರಲಿಲ್ಲ. ಮಾರ್ಚ್‌ನಲ್ಲಿ ಯುದ್ಧ ಶುರುವಾದಾಗ ಶೇ 72ರಷ್ಟು ಅಮೆರಿಕನ್ನರು ಬೆಂಬಲಿಸಿದರು. ಆ ಬೆಂಬಲಕ್ಕೆ ಹೆಚ್ಚಿನವರು ಏನನ್ನೂ ತೆರಬೇಕಾಗಿರಲಿಲ್ಲ.

ಟಿವಿಯಲ್ಲಿ ವಿಶ್ಲೇಷಕರಾಗಿ ಕೂರುತ್ತಿದ್ದ ನಿವೃತ್ತ ಸೇನಾಧಿಕಾರಿಗಳಿಗೆ ರಕ್ಷಣಾ ಇಲಾಖೆಯ ಕೇಂದ್ರವಾದ ಪೆಂಟಗನ್ನೇ ವಿಷಯ ಒದಗಿಸುತ್ತಿತ್ತು. ಇದು ಹೊರಬಿದ್ದಿದ್ದು 2008ರಲ್ಲಿ. ಆದರೆ ಅದೇ 2002ರಲ್ಲಿ ನೈಟ್ ರಿಡ್ಡರ್ ಪತ್ರಿಕಾ ಸಮೂಹದ ವಾಷಿಂಗ್ಟನ್ ವರದಿಗಾರರಾದ ಜೊನಾಥನ್ ಲ್ಯಾಂಡೆ ಮತ್ತು ವಾರೆನ್ ಸ್ಟ್ರೋಬೆಲ್ ಗುಪ್ತಚರ ಸಂಸ್ಥೆಗಳ ಒಳಗಿನ ಅಸಮಾಧಾನವನ್ನು ಬರೆಯುತ್ತಲೇ ಇದ್ದರು. ಅವರು ಮಂತ್ರಿಮಟ್ಟದವರ ಹಿಂದೆ ಹೋಗದೆ ಕಡತ ನೋಡುವ ಮಧ್ಯಮ ದರ್ಜೆಯ ನೌಕರರನ್ನು, ಸೇನಾಧಿಕಾರಿಗಳನ್ನು ವಿಚಾರಿಸಿದರು. ಸಮೂಹದ ಪತ್ರಿಕೆಗಳು ಇದ್ದದ್ದು ನ್ಯೂಯಾರ್ಕ್, ವಾಷಿಂಗ್ಟನ್ನಿನ ಆಚೆಯ ಊರುಗಳಲ್ಲಿ. ಮತ ಹಾಕುವ ಸೆನೆಟರುಗಳು ಬೆಳಿಗ್ಗೆ ಎದ್ದು ಓದುತ್ತಿದ್ದ ಪತ್ರಿಕೆಗಳಲ್ಲಿ ಆ ವರದಿಗಳು ಬರುತ್ತಿರಲಿಲ್ಲ.