ಮೀಸೆಯವನು ಮಾಡೋದೇನು?

ಅಮೆರಿಕದ ಪಾಪ್ ಜೋಡಿ ಹಾಲ್ ಅಂಡ್ ಓಟ್ಸ್ ವಿಡಿಯೋ ಹಾಕಿದಾಗೆಲ್ಲ ನನ್ನ ಹೆಂಡತಿಯದು ಒಂದೇ ಪ್ರಶ್ನೆ: "ಆ ಮೀಸೆಯವನು ಮಾಡೋದಾದ್ರೂ ಏನ್ರೀ?"

ಕೇಳೋದರಲ್ಲಿ ತಪ್ಪೇನಿಲ್ಲ ಬಿಡಿ. ಮೈಕಿನ ಮುಂದೆ ಎತ್ತರದ ಆಳು, ಹೊಂಬಣ್ಣದ ಕೂದಲಿನ ಡ್ಯಾರಿಲ್ ಹಾಲ್. ಪಕ್ಕದಲ್ಲಿ ಗುಂಗುರು ಕೂದಲು, ದಪ್ಪ ಮೀಸೆ, ಕೊರಳಲ್ಲಿ ಗಿಟಾರು ಹಾಕ್ಕೊಂಡ ಕುಳ್ಳ ಜಾನ್ ಓಟ್ಸ್. ಆದರೂ ಹದಿನೆಂಟು ವರ್ಷ ಆರ್ಕೆಸ್ಟ್ರಾದಲ್ಲಿ ರಿದಂ ಗಿಟಾರ್, ಅಂದರೆ ಹಾಡಿನ ಹಿಂದೆ ಲಯ ಹಿಡಿಯುವ ಗಿಟಾರ್, ಬಾರಿಸಿದ ನನಗೆ ಆ ಪ್ರಶ್ನೆ ಚುಚ್ಚುತ್ತೆ. ಮದುವೆಮನೆಯಲ್ಲಿ ಹಾಡುವವರ ಹತ್ತಿರ ಹೆಸರು, ಊರು ವಿಚಾರಿಸುತ್ತಾರೆ. ನಮ್ಮ ಹತ್ತಿರ "ಊಟ ಆಯ್ತಾ" ಅಂತಾರೆ, ಅಷ್ಟೇ.

ಅವರಿಬ್ಬರೂ ಭೇಟಿಯಾದದ್ದು 1967ರಲ್ಲಿ, ಫಿಲಡೆಲ್ಫಿಯಾದ ಅಡೆಲ್ಫಿ ಬಾಲ್‌ರೂಂನಲ್ಲಿ. ಒಳಗೆ ಹೊಡೆದಾಟ ಎದ್ದಿತು. ತಪ್ಪಿಸಿಕೊಳ್ಳಲು ಓಡಿದ ಇಬ್ಬರೂ ನುಗ್ಗಿದ್ದು ಒಂದೇ ಲಿಫ್ಟಿಗೆ. ಇಬ್ಬರೂ ಟೆಂಪಲ್ ಯೂನಿವರ್ಸಿಟಿಯ ವಿದ್ಯಾರ್ಥಿಗಳು. ಓಟ್ಸ್ ಓದುತ್ತಿದ್ದದ್ದು ಪತ್ರಿಕೋದ್ಯಮ.

ನನಗೆ ಇಷ್ಟದ ಕಥೆ ಅವರ 'ಶೀಸ್ ಗಾನ್' (ಅವಳು ಹೋದಳು) ಹಾಡು ಹುಟ್ಟಿದ್ದು. ನ್ಯೂಯಾರ್ಕಿನ ಗ್ರೀನಿಚ್ ವಿಲೇಜಲ್ಲಿ ಬ್ಯಾಲೆ ಲಂಗಕ್ಕೆ ಕೌಬಾಯ್ ಬೂಟು ಹಾಕಿದ್ದ ಹುಡುಗಿಯೊಬ್ಬಳು ಓಟ್ಸ್‌ಗೆ ಪರಿಚಯವಾದಳು. ಹೊಸ ವರ್ಷದ ಹಿಂದಿನ ರಾತ್ರಿ ಬರ್ತೀನಿ ಅಂದವಳು ಬರಲೇ ಇಲ್ಲ. ಕಾದು ಕಾದು ಕೊನೆಗೆ ಗಿಟಾರು ತಗೊಂಡು ಪಲ್ಲವಿ ಕಟ್ಟಿಕೊಂಡ. ಹಾಲ್‌ಗೆ ಆಗ ಮದುವೆ ಮುರಿಯುತ್ತಿದ್ದ ಸಮಯ. ಚರಣಕ್ಕೆ ಅವನ ನೋವು ಬಂತು. ಒಬ್ಬನದು ಕೈಕೊಟ್ಟ ಡೇಟು, ಇನ್ನೊಬ್ಬನದು ಸಂಸಾರ, ಕೇಳುವವರಿಗೆ ಮಾತ್ರ ಎಲ್ಲ ಒಂದೇ ಸಂಕಟ. 1973ರ ಆಲ್ಬಮ್ಮಿನಲ್ಲಿ ಬಂದಾಗ ಅದು ಹೆಚ್ಚೇನೂ ಓಡಲಿಲ್ಲ. ಮರುವರ್ಷ ತಾವಾರೆಸ್ ತಂಡ ಹಾಡಿ ಅಮೆರಿಕದ ಆರ್ ಅಂಡ್ ಬಿ (ರಿದಂ ಅಂಡ್ ಬ್ಲೂಸ್) ಜನಪ್ರಿಯ ಹಾಡುಗಳ ಪಟ್ಟಿಯ ಮೊದಲ ಸ್ಥಾನಕ್ಕೇರಿಸಿತು. ಇವರದೇ ರೆಕಾರ್ಡು ಮತ್ತೆ ಬಿಡುಗಡೆಯಾಗಿ ಅಮೆರಿಕದ ಪಾಪ್ ಪಟ್ಟಿಯಲ್ಲಿ ಏಳನೇ ಸ್ಥಾನ ಕಂಡದ್ದು 1976ರಲ್ಲಿ.

'ಮ್ಯಾನೀಟರ್' (ನರಭಕ್ಷಕ) ಹಾಡಿನ ಬೀಜವೂ ಮೀಸೆಯವನದೇ, ಅದೂ ಜಮೈಕಾದ ರೆಗ್ಗೇ ಸಂಗೀತದ ಧಾಟಿಯಲ್ಲಿ. ಮೊನ್ನೆ ರಾತ್ರಿ ಹಾಗೇ ಬಾರಿಸಿ ನೋಡಿದೆ. ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಹಿಡಿದು, ಬಾರಿಸಿದ ಕೂಡಲೇ ಎಡಗೈ ಬೆರಳು ಸಡಿಲ ಬಿಟ್ಟರೆ ತಂತಿ 'ಚಕ್' ಅಂತ ಅಲ್ಲೇ ಸಾಯಬೇಕು. ಪೆಟ್ಟು ಬೀಳೋದು ತಾಳದ ಮೇಲಲ್ಲ, ಎರಡರ ಸಂದಿಯಲ್ಲಿ. ಚೆನ್ನಾಗೇ ಇತ್ತು, ಆದರೆ ಹುಲಿ ಆಕಳಿಸಿದ ಹಾಗೆ. ಹಾಲ್ ಅದನ್ನು ಮೋಟೌನ್ ನಡೆಗೆ, ಅಂದರೆ ಡೆಟ್ರಾಯಿಟ್‌ನ ಆ ರೆಕಾರ್ಡ್ ಕಂಪನಿಯ ಸೋಲ್ ಹಾಡುಗಳ ಲಯಕ್ಕೆ, ತಿರುಗಿಸಿದ. 1982ರ ಡಿಸೆಂಬರಿನಲ್ಲಿ ನಂಬರ್ ಒನ್ ಆಗಿ ನಾಲ್ಕು ವಾರ ಅಲ್ಲೇ ಕೂತಿತು. ಹಾಲ್ ಮಾಡಿದ್ದೇ ಸರಿ. ರಿದಂ ಗಿಟಾರಿನವನಾಗಿ ಇದನ್ನು ಬರೆಯೋಕೆ ಹೊಟ್ಟೆ ಉರಿಯುತ್ತೆ.

ಆಸ್ಟ್ರೇಲಿಯಾದ ಐಸ್‌ಹೌಸ್ ತಂಡದ ಐವಾ ಡೇವೀಸ್ ಜೊತೆ ಸೇರಿ ಓಟ್ಸ್ 'ಎಲೆಕ್ಟ್ರಿಕ್ ಬ್ಲೂ' ಹಾಡು ಬರೆದ. 1987ರಲ್ಲಿ ಅಲ್ಲಿ ಮೊದಲ ಸ್ಥಾನ. ಅಲ್ಲೂ ಮೈಕ್ ಮುಂದೆ ನಿಂತವನು ಬೇರೆಯವನೇ! ಆಮೇಲೆ ಮೀಸೆ ಬೋಳಿಸಿ, ಕೊಲೊರಾಡೋದ ಬೆಟ್ಟ ಸೇರಿದ. 2014ರಲ್ಲಿ ಇಬ್ಬರಿಗೂ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಗೌರವ. 2023ರಲ್ಲಿ, ಇಬ್ಬರ ಪಾಲುದಾರಿಕೆಯಲ್ಲಿನ ತನ್ನ ಷೇರನ್ನು ಓಟ್ಸ್ ಮಾರದಂತೆ ತಡೆಯೋಕೆ ಹಾಲ್ ನ್ಯಾಶ್‌ವಿಲ್ ಕೋರ್ಟು ಹತ್ತಿದ.

ನಾನೀಗ ಕೇಳುತ್ತಿರೋದು ಓಟ್ಸ್‌ನ 2018ರ ಆಲ್ಬಮ್ 'ಆರ್ಕನ್ಸಾ'. ಹುಡುಗನಾಗಿದ್ದಾಗಿಂದ ಮೆಚ್ಚಿದ್ದ ಬ್ಲೂಸ್ ಗಿಟಾರಿಗ ಮಿಸಿಸಿಪಿ ಜಾನ್ ಹರ್ಟ್‌ನ ಶೈಲಿ ಅದರಲ್ಲಿದೆ: ಹೆಬ್ಬೆರಳು ಕೆಳಸ್ವರದ ತಂತಿಗಳಲ್ಲಿ ತನ್ನ ಪಾಡಿಗೆ ನಡೀತಾ ಇರುತ್ತೆ, ಉಳಿದ ಬೆರಳು ರಾಗ ಹೇಳುತ್ತವೆ. ಅಡುಗೆಮನೆಯಿಂದಲೇ ಹೆಂಡತಿ, "ಆ ಗಿಟಾರು ಇಬ್ಬರು ಬಾರಿಸ್ತಿರೋದಾ?" ಅಂದಳು. ಒಬ್ಬನೇ, ಆ ಮೀಸೆಯವನೇ ಅಂದೆ. ನನ್ನ ಹೆಬ್ಬೆರಳಂತೂ ವಾರದಿಂದ ತಿದ್ದಿದರೂ ಮಾತು ಕೇಳ್ತಿಲ್ಲ.